ವಿದೇಶ ವ್ಯಾಸಂಗ ಸಾಲದ ಬಡ್ಡಿ ಸಹಾಯಧನವನ್ನು ಮರಳಿ ಜಾರಿಗೊಳಿಸುವಂತೆ ಕೋರಿ ಮನವಿ

ಗೆ,
ಮಾನ್ಯ ಕಾರ್ಯದರ್ಶಿಗಳು,
ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಇಲಾಖೆ, ಭಾರತ ಸರ್ಕಾರ, ನವದೆಹಲಿ
(ಮಾನ್ಯ ಜಿಲ್ಲಾಧಿಕಾರಿಗಳು, ಉತ್ತರ ಕನ್ನಡ, ಇವರ ಮೂಲಕ)

ಮಾನ್ಯರೇ,

ಕಾರವಾರ ಹಾಗೂ ಅಂಕೋಲಾ ತಾಲೂಕುಗಳ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳು ಮತ್ತು ಪೋಷಕರ ವಿನಂತಿ.

ವಿದೇಶದಲ್ಲಿ ಸ್ನಾತಕೋತ್ತರ ಪದವಿ, ಪಿಎಚ್.ಡಿ. ಓದುವ ನಮ್ಮ ಮಕ್ಕಳ ಸಾಲಕ್ಕೆ ಆಸರೆಯಾಗಿದ್ದ ಡಾ. ಅಂಬೇಡ್ಕರ್ ಬಡ್ಡಿ ಸಹಾಯಧನ ಯೋಜನೆ 2022-23ರಿಂದ ನಿಂತಿದೆ. ಓದು ಮುಗಿದು ಒಂದು ವರ್ಷದವರೆಗೆ ಅಥವಾ ಕೆಲಸ ಸಿಕ್ಕಿ ಆರು ತಿಂಗಳವರೆಗೆ ಬಡ್ಡಿಯನ್ನು ಸರ್ಕಾರವೇ ಕಟ್ಟುತ್ತಿತ್ತು. ಈಗ ಮಕ್ಕಳು ತರಗತಿಯಲ್ಲಿರುವಾಗಲೇ ಬಡ್ಡಿ ಏರುತ್ತಿದೆ. ಹಿಂದಿನ ಮನವಿಗಳಿಗೆ ಸ್ವೀಕೃತಿಯ ಮೊಹರು ಬಿಟ್ಟು ಬೇರೇನೂ ಸಿಗಲಿಲ್ಲ.

ನಿಯಮಗಳು ತಮಗೆ ತಿಳಿದೇ ಇವೆ. ಏಳೂವರೆ ಲಕ್ಷ ರೂಪಾಯಿ ಮೀರಿದ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಅಡಮಾನ ಬೇಕು. ನಾವು ಏನನ್ನು ಅಡವಿಡಬೇಕು? 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗೆ ಅರ್ಗಾ ಕಡೆಯವರು ಗದ್ದೆಯನ್ನೂ ಕಡಲತೀರವನ್ನೂ ಬಿಟ್ಟುಕೊಟ್ಟು ಎದ್ದುಬಂದರು. ಅಂಕೋಲೆಯ ಎಷ್ಟೋ ಹಾಲಕ್ಕಿ ಒಕ್ಕಲಿಗರು ತಲೆಮಾರುಗಳಿಂದ ಉಳುತ್ತಿರುವ ನೆಲ ಅರಣ್ಯ ಅತಿಕ್ರಮಣವೆಂದು ದಾಖಲಾಗಿದೆ. ಪಹಣಿಯಲ್ಲಿ ಅವರ ಹೆಸರಿಲ್ಲ. ಹರಿಕಂತ್ರ, ಖಾರ್ವಿ ಮನೆಗಳಲ್ಲಿರುವುದು ದೋಣಿ, ಬಲೆ. ಭೂಸ್ವಾಧೀನದ ನೋಟಿಸು, ಪುನರ್ವಸತಿ ಪತ್ರ, ಪಹಣಿ, ಆದಾಯ ಪ್ರಮಾಣಪತ್ರ, ವಿಶ್ವವಿದ್ಯಾಲಯಗಳ ಪ್ರವೇಶ ಪತ್ರ, ಸಾಲ ನಿರಾಕರಣೆಯ ಪತ್ರಗಳೆಲ್ಲವನ್ನೂ ಲಗತ್ತಿಸಿದ್ದೇವೆ. ದಯವಿಟ್ಟು ಈ ಬಾರಿಯಾದರೂ ತೆರೆದು ನೋಡಬೇಕು.

ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ 125 ಸ್ಥಾನಗಳು ಪರಿಶಿಷ್ಟ ಜಾತಿ, ಅಲೆಮಾರಿ, ಭೂರಹಿತ ಕೂಲಿಕಾರ ಮತ್ತು ಕುಶಲಕರ್ಮಿ ಕುಟುಂಬಗಳಿಗೆ ಮೀಸಲು. ಅವರ ಪಾಲನ್ನು ನಾವು ಕೇಳುತ್ತಿಲ್ಲ. ಅದು ಹೆಚ್ಚಬೇಕೆಂಬುದೇ ನಮ್ಮ ಆಸೆ. ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಹಾಲಕ್ಕಿಗಳ ಬೇಡಿಕೆಯೂ ಈಡೇರಿಲ್ಲ. ಅದೇ ಸಮುದಾಯದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ, ತುಳಸಿ ಗೌಡರಿಗೆ 2020ರ ಪಟ್ಟಿಯಲ್ಲಿ ಪದ್ಮಶ್ರೀ ಬಂದಾಗ ಇಡೀ ತಾಲೂಕು ಹಿಗ್ಗಿತು. ಅವರ ಕೇರಿಯ ಹುಡುಗಿಯೊಬ್ಬಳು ಸಸ್ಯಶಾಸ್ತ್ರ ಓದಲು ವಿದೇಶಕ್ಕೆ ಹೊರಟರೆ ಅವಳ ಬಡ್ಡಿಗೆ ಬಿಡಿಗಾಸೂ ಇಲ್ಲವೆಂದರೆ ಹೇಗೆ ಸಹಿಸುವುದು?

ಆದ್ದರಿಂದ ಬಡ್ಡಿ ಸಹಾಯಧನವನ್ನು ಮರಳಿ ಜಾರಿಗೊಳಿಸಬೇಕು. 2022-23ರ ನಂತರ ಸಾಲ ಪಡೆದು ಈಗಾಗಲೇ ಓದುತ್ತಿರುವವರಿಗೂ ಅದು ಪೂರ್ವಾನ್ವಯವಾಗಬೇಕು. ನಿರಾಶ್ರಿತ ಕುಟುಂಬಗಳ ಮಕ್ಕಳಿಗೆ ಅಡಮಾನದ ಬದಲು ಸರ್ಕಾರಿ ಖಾತರಿ ಕೊಡಬೇಕು. ಅರ್ಜಿ ತುಂಬಲು ಕಾರವಾರದಲ್ಲೊಂದು ಸಹಾಯ ಕೇಂದ್ರ, ಕನ್ನಡದಲ್ಲಿ ಮಾರ್ಗಸೂಚಿ ಇದ್ದರೆ ಅನುಕೂಲ. ಕೋಡಿಬಾಗದ ಸಾಗರ ಜೀವಶಾಸ್ತ್ರ ವಿಭಾಗದಲ್ಲಿ ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಪ್ರವೇಶ ಪಡೆದಿರುವ ನಮ್ಮ ಮೀನುಗಾರರ ಮಕ್ಕಳಿಗೆ ಆದ್ಯತೆ, ವಯೋಮಿತಿಯಲ್ಲಿ ಸಡಿಲಿಕೆ ನೀಡಬೇಕೆಂದೂ ಕೋರುತ್ತೇವೆ.

ಲಿಖಿತ ಉತ್ತರದ ನಿರೀಕ್ಷೆಯಲ್ಲಿ,
ತಮ್ಮ ವಿಶ್ವಾಸಿಗಳು
(ಸಹಿಗಳು ಮತ್ತು ದಾಖಲೆಗಳನ್ನು ಲಗತ್ತಿಸಿದೆ)