ಅಟ್ಟ ತುಂಬಿದ್ರೆ ಮನೆ ಕೆಡವ್ತೀರಾ?

ಸಿ ಡ್ರೈವ್ ಕೆಂಪಗಾಗಿ ಕಂಪ್ಯೂಟ್ರು ಆಮೆ ಆಗಿತ್ತು. ಹೊತ್ಕಂಡು ಹೋದ್ರೆ ಅಂಗ್ಡಿ ಹುಡುಗ ಸರ್ಯಾಗಿ ನೋಡೂ ಇಲ್ಲ, "ಆಂಟಿ, ಫಾರ್ಮ್ಯಾಟ್ ಹೊಡೀಬೇಕು, ಇಲ್ಲಾ ಹೊಸಾದ್ ತಗಳಿ" ಅಂದ. ಡೆಸ್ಕ್‌ಟಾಪಲ್ಲಿ ನಮ್ಮತ್ತೇದು ಕಡೇ ವರ್ಷದ ಫೋಟೋ ಇದ್ವು. ಡೆಸ್ಕ್‌ಟಾಪ್ ಇರೋದೂ ಸಿ ಒಳಗೇ ಅಂತ ಅವನು ಬಾಯಿ ಬಿಡ್ಲಿಲ್ಲ. ಹೂಂ ಅಂದಿದ್ರೆ ಅತ್ತೆ ಇನ್ನೊಂದ್ಸಲ ಹೋಗಿರೋರು.

ವಾಪಸ್ ತಂದೆ. ಕಾಯಿನ ಅಟ್ಟಕ್ಕಾಕಿ ಉಂಡೆ ಕೊಬ್ಬರಿ ಆಗ್ಲಿ ಅಂತ ವರ್ಷದ ಹತ್ರ ಕಾಯೋ ಜನ ಕಣ್ರೀ ನಾವು, ತಿಪಟೂರು ಕಡೆಯೋರು. ಅಟ್ಟ ತುಂಬ್ತು ಅಂತ ಯಾರಾದ್ರೂ ಮನೆ ಕೆಡವಿದ್ದುಂಟಾ? ಕೆಟ್ಟಿರೋದನ್ನ ಆರಿಸಿ ಬಿಸಾಕ್ತೀವಿ.

ಮಗಳು ಫೋನಲ್ಲಿ ಹೇಳ್ದಂಗೆ ಮಾಡ್ದೆ. ಅಳಿಸಿದ್ದೆಲ್ಲ ರೀಸೈಕಲ್ ಬಿನ್ನಲ್ಲೇ ಕೂತಿತ್ತು, ಅದನ್ನ ಖಾಲಿ ಮಾಡೋವರ್ಗೂ ಜಾಗ ಸಿಗಲ್ಲ. ತಿಪ್ಪೇನ ನಡುಮನೇಲಿ ಇಟ್ಕಂಡಂಗೆ! ಆಮೇಲೆ ಡಿಸ್ಕ್ ಕ್ಲೀನಪ್ಪಲ್ಲಿ ಸಿಸ್ಟಂ ಫೈಲ್ಸ್ ಒತ್ತಿದ್ರೆ ಟೆಂಪರರಿ ಫೈಲು, ಹಳೇ ಅಪ್‌ಡೇಟು, ಹಳೇ ವಿಂಡೋಸೇ ಒಂದು ಮೂಟೆ. (ಅಲ್ಲಿ ಡೌನ್‌ಲೋಡ್ಸ್ ಅಂತ ಕಂಡ್ರೆ ಟಿಕ್ ತೆಗೀರಿ, ಅವು ನಿಮ್ಮ ಫೈಲೇ.) ಇದ್ರಲ್ಲಿ ಮುಕ್ಕಾಲು ಅದೇ ಹೇರ್ಕಂಡಿದ್ದು. ದೂರು ಮಾತ್ರ ನಮ್ಮ ಫೋಟೋ ಮೇಲೆ!

ಪಕ್ಕದಲ್ಲೇ ಡಿ ಡ್ರೈವ್ ಬಣಗುಡ್ತಿತ್ತು. ಪೆನ್‌ಡ್ರೈವಿಗೊಂದು ಕಾಪಿ ಹಾಕ್ಕಂಡು, ಡೆಸ್ಕ್‌ಟಾಪ್ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸಲ್ಲಿ ಲೊಕೇಶನ್, ಮೂವ್ ಒತ್ತಿ, ಡಿ ಒಳಗೊಂದು ಹೊಸ ಫೋಲ್ಡರ್ ತೋರಿಸ್ದೆ. ಅತ್ತೆ ಅಲ್ಲಿಗೆ ಹೋದ್ರು. ಕೆಂಪು ಗೆರೆ ನೀಲಿ ಆಗೈತೆ.

ಓದಿದ್ರೆ ಆ ಹುಡುಗನಿಗೆ ಬೇಜಾರಾಗ್ಬೋದು, ಆಗ್ಲಿ. ಫಾರ್ಮ್ಯಾಟಿಗೆ ಅವನು ಕೇಳಿದ್ ದುಡ್ಡಲ್ಲಿ ಇನ್ನೊಂದು ಪೆನ್‌ಡ್ರೈವ್ ತಗಂಡೆ.