ಹೊಗೆ ಹೋಯಿತು, ಹೊಗಳಿಕೆ ಬಂತು



ಒಳ್ಳೆಯ ಕೆಲಸ ಮಾಡುವುದು ಮನುಷ್ಯನಿಗೆ ಅಷ್ಟೇನೂ ಕಷ್ಟವಲ್ಲ. ಮಾಡಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದೇ ಕಷ್ಟ. ಉಪವಾಸ ಮಾಡಿದವನನ್ನು ಹಸಿವು ಕಾಡುವುದಕ್ಕಿಂತ ಹೆಚ್ಚಾಗಿ, ತಾನು ಉಪವಾಸವಿದ್ದದ್ದು ಯಾರಿಗೂ ತಿಳಿಯಲಿಲ್ಲವಲ್ಲ ಎಂಬ ಸಂಕಟ ಕಾಡುತ್ತದೆ. ದಾನ ಕೊಡುವಾಗ ತುತೂರಿ ಊದಿಸಬಾರದೆಂದು ಪ್ರಭು ಯೇಸು ಎಚ್ಚರಿಸಿದ್ದು ಇದನ್ನು ಬಲ್ಲವರಾದ್ದರಿಂದಲೇ. ಆ ಕಾಲದ ತುತೂರಿಗೆ ನಮ್ಮ ಕಾಲದಲ್ಲಿ ನಾಲ್ಕು ಚಕ್ರಗಳು ಬಂದಿವೆ. ವಿದ್ಯುತ್ತಿನಲ್ಲಿ ಓಡುವುದರಿಂದ ಅದು ಸದ್ದು ಮಾಡುವುದಿಲ್ಲ. ಆ ಕೊರತೆಯನ್ನು ಅದರ ಮಾಲಿಕರೇ ತುಂಬಿಕೊಡುತ್ತಾರೆ.

ಕೃಷಿ ಮತ್ತು ಆರೋಗ್ಯದ ಈ ಅಂಕಣದಲ್ಲಿ ಕಾರಿಗೇನು ಕೆಲಸ ಎಂದು ಕೆಲವರು ಕೇಳಬಹುದು. ತೆನೆ ಹಬ್ಬಕ್ಕೆ, ಊರ ಹಬ್ಬಕ್ಕೆ ಪಟ್ಟಣದಿಂದ ಬರುವ ಬಂಧುಗಳು ಈಗ ಹಸಿರು ನಂಬರ್ ಪ್ಲೇಟಿನ ಕಾರಿನಲ್ಲಿ ನಮ್ಮ ಅಂಗಳಕ್ಕೆ ಬಂದಿಳಿಯುತ್ತಿದ್ದಾರೆ. ಇಳಿದವರು ಮೊದಲು ನೋಡುವುದು ಅಡಿಕೆ ತೋಟವನ್ನಲ್ಲ, ಬಚ್ಚಲೊಲೆಯ ಹೊಗೆಯನ್ನು. ಹಾಗಾಗಿ ಇದು ನಮ್ಮ ವಿಷಯವೇ ಆಗಿದೆ.

ಇಂತಹ ಒಬ್ಬ ಬಂಧುವಿನ ಪರಿಚಯ ನಿಮ್ಮಲ್ಲಿ ಹಲವರಿಗೆ ಇದ್ದೇ ಇರುತ್ತದೆ. ಎರಡು ಟನ್ ತೂಕದ ಕಾರಿನಲ್ಲಿ ಎಪ್ಪತ್ತು ಕಿಲೋ ತೂಕದ ಅವರೊಬ್ಬರೇ ಬರುತ್ತಾರೆ. ಕಾಫಿಗೆ ಸಕ್ಕರೆ ಕರಗುವುದರೊಳಗೆ ಭೂಮಿಯ ತಾಪಮಾನದ ಮಾತು ಆರಂಭವಾಗುತ್ತದೆ. ಅಣ್ಣನ ಡೀಸೆಲ್ ಪಂಪು ತಪ್ಪು, ತಮ್ಮನ ಹಳೆಯ ಜೀಪು ತಪ್ಪು, ಅತ್ತಿಗೆಯ ಕಟ್ಟಿಗೆ ಒಲೆ ಮಹಾ ತಪ್ಪು. ತಮ್ಮ ಮನೆಯಲ್ಲಿ ಇದು ಮೂರನೆಯ ಕಾರು ಎಂಬುದನ್ನು ಮಾತ್ರ ಹೇಳುವುದಿಲ್ಲ. ಉಳಿದೆರಡು ಡೀಸೆಲಿನವು. ಅವು ಹಬ್ಬಕ್ಕೆ ಬರುವುದಿಲ್ಲ.

ಈ ಸ್ವಭಾವವನ್ನು ಮೊದಲು ಚೆನ್ನಾಗಿ ಗುರುತಿಸಿದ್ದು ಅಮೇರಿಕದಲ್ಲಿ. ಜಪಾನಿನ ಟೊಯೋಟಾ ಕಂಪೆನಿ 1997ರ ಕೊನೆಯಲ್ಲಿ ಪ್ರಿಯಸ್ ಎಂಬ ಕಾರನ್ನು ತಂದಿತು. ಪೆಟ್ರೋಲ್ ಎಂಜಿನಿನೊಂದಿಗೆ ವಿದ್ಯುತ್ ಮೋಟಾರನ್ನೂ ಜೋಡಿಸಿ, ಬ್ರೇಕ್ ಹಾಕುವಾಗ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿಸುವ ಜಾಣ ಯಂತ್ರವದು. 2000ದಲ್ಲಿ ಅಮೇರಿಕಕ್ಕೆ ಕಾಲಿಟ್ಟಿತು. 2003ರ ಆಸ್ಕರ್ ಪ್ರಶಸ್ತಿ ಸಮಾರಂಭಕ್ಕೆ ಕೆಲವು ತಾರೆಯರು ಉದ್ದನೆಯ ಲಿಮೋಸಿನ್ ಬಿಟ್ಟು ಇದರಲ್ಲೇ ಬಂದಿಳಿದರು. ಅಂದಿನಿಂದ ಅದು ಕಾರು ಮಾತ್ರವಾಗಿ ಉಳಿಯಲಿಲ್ಲ, ಸನ್ನಡತೆಯ ಪ್ರಮಾಣಪತ್ರವಾಯಿತು. ಹೊಂಡಾ ಕಂಪೆನಿಯ ಸಿವಿಕ್ ಕಾರೂ ಇದೇ ಬಗೆಯ ಎಂಜಿನಿನೊಂದಿಗೆ ಸಿಗುತ್ತಿತ್ತು. ಆದರೆ ನೋಡಲು ಅದು ಎಲ್ಲ ಕಾರುಗಳಂತೆಯೇ ಇತ್ತು. ಪ್ರಿಯಸ್‌ನ ಆಕಾರವೇ ಬೇರೆ, ದೂರದಿಂದಲೇ ಗುರುತು ಸಿಗುತ್ತಿತ್ತು. ಯಾವುದು ಹೆಚ್ಚು ಮಾರಾಟವಾಯಿತೆಂದು ಹೇಳಬೇಕಾಗಿಲ್ಲ. ಪ್ರಿಯಸ್ ಕೊಂಡದ್ದೇಕೆ ಎಂದು ಕೇಳಿದ ಒಂದು ಸಮೀಕ್ಷೆಯಲ್ಲಿ ನೂರರಲ್ಲಿ 57 ಮಂದಿ, ಆ ಕಾರು ತಮ್ಮ ಬಗ್ಗೆ ಜನರಿಗೆ ಏನನ್ನೋ ಸಾರಿ ಹೇಳುತ್ತದೆ ಎಂಬುದೇ ಮುಖ್ಯ ಕಾರಣವೆಂದರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2007ರಲ್ಲಿ ಇದನ್ನು ವರದಿ ಮಾಡಿತ್ತು. 2014ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಈ ತುತೂರಿಯ ಬೆಲೆಯನ್ನೇ ಲೆಕ್ಕಹಾಕಿದರು. ತಾನು ಪರಿಸರಪ್ರೇಮಿ ಎಂದು ನೆರೆಹೊರೆಗೆ ತೋರಿಸಿಕೊಳ್ಳುವುದಕ್ಕಾಗಿಯೇ ಕೊಳ್ಳುವವರು 430ರಿಂದ 4,200 ಡಾಲರುಗಳಷ್ಟು ಹೆಚ್ಚು ತೆರಲು ಸಿದ್ಧರಿದ್ದರಂತೆ. ಎಷ್ಟೆಂಬುದು ಅವರು ವಾಸಿಸುವ ಊರನ್ನು ಹೊಂದಿಕೊಂಡಿತ್ತು. ನೋಡುವ ಕಣ್ಣುಗಳು ಹೆಚ್ಚಿದ್ದಲ್ಲಿ ದರವೂ ಹೆಚ್ಚು.

ಸೌತ್ ಪಾರ್ಕ್ ಎಂಬ ಅಮೇರಿಕದ ವ್ಯಂಗ್ಯಚಿತ್ರ ಧಾರಾವಾಹಿಯು 2006ರಲ್ಲಿ ಇವರನ್ನೇ ಗೇಲಿ ಮಾಡಿತು. ಮಕ್ಕಳೊಂದಿಗೆ ಕುಳಿತು ನೋಡುವಂತಹ ಧಾರಾವಾಹಿಯಲ್ಲ ಅದು. ಆದರೆ ಮಾತು ಸರಿಯಾಗಿತ್ತು. ಇಂಗ್ಲಿಷಿನಲ್ಲಿ ಹೊಗೆಮಂಜಿಗೆ ಸ್ಮಾಗ್ ಎನ್ನುತ್ತಾರೆ, ತನ್ನ ಬಗ್ಗೆ ತಾನೇ ಬೀಗುವವನಿಗೆ ಸ್ಮಗ್ ಎನ್ನುತ್ತಾರೆ. ಕಾರುಗಳು ಬದಲಾದ ಮೇಲೆ ಊರಿನ ಸ್ಮಾಗ್ ಹೋಗಿ ಸ್ಮಗ್‌ನ ಮೋಡ ಕವಿಯಿತೆಂಬುದು ಆ ಕಥೆಯ ಹುರುಳು. ನಮಗೆ ಇಂಗ್ಲಿಷಿನ ಹಂಗು ಬೇಕಾಗಿಲ್ಲ. ಹೊಗೆ ಹೋಯಿತು, ಹೊಗಳಿಕೆ ಬಂತು ಎಂದರೆ ಸಾಕು. ಹೊಗೆಯನ್ನಾದರೂ ಗಾಳಿ ಹೊತ್ತೊಯ್ಯುತ್ತದೆ. ಆತ್ಮಸ್ತುತಿ ಎಲ್ಲಿಗೂ ಹೋಗುವುದಿಲ್ಲ.

ಈ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. 2001ರಲ್ಲಿ ಅಲ್ಲಿ ತಯಾರಾದ ರೇವಾ ಎಂಬ ಪುಟ್ಟ ವಿದ್ಯುತ್ ಕಾರಿಗೆ ನಮ್ಮ ದೇಶದಲ್ಲಿ ಗಿರಾಕಿಗಳು ಹೆಚ್ಚು ಸಿಗಲಿಲ್ಲ. ಅದೇ ಕಾರು ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರು ಧರಿಸಿ ಪರಿಸರಪ್ರೇಮಿಗಳ ಕುರುಹಾಯಿತು. 2003ರಲ್ಲಿ ಆ ನಗರದ ನಡುಭಾಗಕ್ಕೆ ಬರುವ ವಾಹನಗಳಿಗೆ ದಿನಕ್ಕೆ 5 ಪೌಂಡ್ ಸುಂಕ ಹಾಕಿದಾಗ ವಿದ್ಯುತ್ ಕಾರುಗಳಿಗೆ ವಿನಾಯಿತಿ ಇತ್ತು. ಪುಣ್ಯಕ್ಕೆ ಪುಣ್ಯ, ಉಳಿತಾಯಕ್ಕೆ ಉಳಿತಾಯ. ಆದರೂ ಆ ಗೇಣುದ್ದದ ಗಾಡಿಯಲ್ಲಿ ಒಂದು ವಿನಯವಿತ್ತು ಎಂದು ನಾವು ಒಪ್ಪುತ್ತೇವೆ. ಈಗ ಅಮೇರಿಕದಲ್ಲಿ ಹಮ್ಮರ್ ಎಂಬ ರಾಕ್ಷಸ ಗಾಡಿಯೂ ವಿದ್ಯುತ್ ರೂಪದಲ್ಲಿ ಬಂದಿದೆ. ತೂಕ ನಾಲ್ಕು ಟನ್ನಿಗೂ ಮಿಕ್ಕಿ, ಬ್ಯಾಟರಿ ಒಂದೇ 1,300 ಕಿಲೋ. ಅಂದರೆ ಬ್ಯಾಟರಿಯ ತೂಕ ನಮ್ಮ ಹಳೆಯ ಮಾರುತಿ 800 ಕಾರು ಎರಡು ಸೇರಿದಷ್ಟು. ಇದೂ ಪರಿಸರಸ್ನೇಹಿ! ಗಜರಾಜನು ಏಕಾದಶಿ ಮಾಡಿ ಕಬ್ಬಿನ ಗದ್ದೆಯಲ್ಲಿ ಪಾರಣೆ ಮಾಡಿದ ಹಾಗಾಯಿತು.

ಹಾಗೆಂದು ವಿದ್ಯುತ್ ಕಾರೇ ಮೋಸ ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವುದು ಸುಳ್ಳಾಗುತ್ತದೆ. ಕಾರಿನ ತಯಾರಿಯಿಂದ ಗುಜರಿಯವರೆಗಿನ ಲೆಕ್ಕವನ್ನು ಸ್ವಚ್ಛ ಸಾರಿಗೆಯ ಅಂತರರಾಷ್ಟ್ರೀಯ ಮಂಡಲಿಯು 2021ರಲ್ಲಿ ಪ್ರಕಟಿಸಿತು. ಯುರೋಪಿನಲ್ಲಿ ವಿದ್ಯುತ್ ಕಾರು ಪೆಟ್ರೋಲ್ ಕಾರಿಗಿಂತ ಶೇಕಡಾ 66ರಿಂದ 69ರಷ್ಟು ಕಡಿಮೆ ಇಂಗಾಲ ಉಗುಳುತ್ತದೆ. ಭಾರತದಲ್ಲಿ ಈ ಲಾಭ ಶೇಕಡಾ 19ರಿಂದ 34 ಮಾತ್ರ. ಲಾಭವೇನೋ ಇದೆ, ಆದರೆ ಮಾಲಿಕರ ಮುಖದಲ್ಲಿ ಕಾಣುವಷ್ಟಿಲ್ಲ. ಕಾರಣ ಸರಳ. ನಮ್ಮ ದೇಶದ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಇನ್ನೂ ಕಲ್ಲಿದ್ದಲಿನಿಂದಲೇ ಬರುತ್ತಿದೆ. ಹೊಗೆಯ ಕೊಳವೆ ಕಾರಿನ ಹಿಂಬದಿಯಿಂದ ಮಾಯವಾದದ್ದು ನಿಜ. ಅದರ ಒಂದು ಭಾಗ ಬೇರೊಬ್ಬರ ಗದ್ದೆಯ ಪಕ್ಕದಲ್ಲಿ ಎದ್ದು ನಿಂತಿದೆ.

ಅದನ್ನು ಕಾಣಲು ಬಹಳ ದೂರ ಹೋಗಬೇಕಾಗಿಲ್ಲ. ಉಡುಪಿ ಜಿಲ್ಲೆಯ ಎಲ್ಲೂರು, ನಂದಿಕೂರಿನ ಸುತ್ತಮುತ್ತ 1,200 ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರವಿದೆ. ಹಡಗಿನಲ್ಲಿ ಬಂದ ಕಲ್ಲಿದ್ದಲನ್ನು ಸುಟ್ಟು ಅಲ್ಲಿ ವಿದ್ಯುತ್ ಉತ್ಪಾದಿಸುತ್ತಾರೆ. ಹಾರುಬೂದಿಯಿಂದಲೂ ಉಪ್ಪುನೀರಿನ ತುಂತುರಿನಿಂದಲೂ ಬೆಳೆ ಹಾಳಾಯಿತು, ಮಲ್ಲಿಗೆ ಬಾಡಿತು, ಬಾವಿ ಕೆಟ್ಟಿತು ಎಂದು ಅಲ್ಲಿಯ ರೈತರು ವರ್ಷಗಟ್ಟಲೆ ಮೊರೆಯಿಟ್ಟರು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಸ್ಥಾವರಕ್ಕೆ ಸುಮಾರು 52 ಕೋಟಿ ರೂಪಾಯಿ ದಂಡ ವಿಧಿಸಿತು. ಮಹಾನಗರದಲ್ಲಿ ಕಾರಿಗೆ ವಿದ್ಯುತ್ ತುಂಬುವವರು ಎಲ್ಲೂರಿನ ಮಲ್ಲಿಗೆ ಬೆಳೆಗಾರ್ತಿಗೆ ಒಮ್ಮೆಯಾದರೂ ಕೃತಜ್ಞತೆ ಹೇಳಿದ್ದುಂಟೇ? ಬ್ಯಾಟರಿಯ ಕಥೆಯೂ ಹೀಗೆಯೇ. ಹಲವು ಬಗೆಯ ಬ್ಯಾಟರಿಗಳಿಗೆ ಬೇಕಾದ ಕೋಬಾಲ್ಟ್ ಲೋಹದ ಹೆಚ್ಚಿನ ಪಾಲು ಆಫ್ರಿಕದ ಕಾಂಗೋ ದೇಶದಿಂದ ಬರುತ್ತದೆ. ಅಲ್ಲಿಯ ಗಣಿಗಳಲ್ಲಿ ಚಿಕ್ಕ ಮಕ್ಕಳು ದುಡಿಯುತ್ತಿದ್ದುದನ್ನು ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2016ರಲ್ಲಿ ಲೋಕಕ್ಕೆ ತೋರಿಸಿತು. ಈಗ ಕೋಬಾಲ್ಟ್ ಇಲ್ಲದ ಬ್ಯಾಟರಿಗಳೂ ಬಂದಿವೆ. ಒಳ್ಳೆಯದೇ. ತನ್ನ ಕಾರಿನಲ್ಲಿ ಯಾವುದಿದೆ ಎಂದು ವಿಚಾರಿಸಿದ ಮಾಲಿಕರು ಎಷ್ಟು ಮಂದಿ ಎಂಬುದು ನಮ್ಮ ಪ್ರಶ್ನೆ.

ಸಂತ ಲೂಕನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಪ್ರಾರ್ಥನೆಗೆಂದು ದೇವಾಲಯಕ್ಕೆ ಹೋದ ಫರಿಸಾಯನನ್ನು ನೆನೆಯಿರಿ. ಆತ ಸುಳ್ಳುಗಾರನಲ್ಲ. ವಾರಕ್ಕೆರಡು ಉಪವಾಸ ನಿಜವಾಗಿ ಮಾಡುತ್ತಿದ್ದ, ದಶಮಾಂಶವನ್ನು ನಿಜವಾಗಿ ಕೊಡುತ್ತಿದ್ದ. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ, ನಿಂತ ದಿಕ್ಕಿನಲ್ಲಿ ತಪ್ಪಿತ್ತು. ದೇವರ ಕಡೆಗೆ ತಿರುಗಿ ನಿಂತವನ ಕಣ್ಣು ಹಿಂದೆ ನಿಂತ ಸುಂಕದವನ ಮೇಲಿತ್ತು. ಇಂದಿನ ಸುಂಕದವನು ಬಹುಶಃ ಮಂಗಳೂರು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಹೋಗುವ ನಮ್ಮ ಪೊರ್ಬು. ಅವನು ಐವತ್ತು ಜನರೊಂದಿಗೆ ಒಂದೇ ಎಂಜಿನ್ ಹಂಚಿಕೊಳ್ಳುತ್ತಾನೆ, ಬಿಸಿಲಿಗೆ ಬೀಸಣಿಗೆ ಬೀಸಿಕೊಳ್ಳುತ್ತಾನೆ, ಹರಿದ ಚಪ್ಪಲಿಯನ್ನು ಹೊಲಿಸಿ ಮತ್ತೆ ಹಾಕಿಕೊಳ್ಳುತ್ತಾನೆ. ಭಾರತೀಯನೊಬ್ಬನ ಪಾಲಿಗೆ ವರ್ಷಕ್ಕೆ ಸರಾಸರಿ ಎರಡು ಟನ್ ಇಂಗಾಲಾನಿಲದ ಲೆಕ್ಕ ಬಂದರೆ, ಅಮೇರಿಕದವನ ಪಾಲಿಗೆ ಹದಿನಾಲ್ಕು ಟನ್ ಆಸುಪಾಸು ಬರುತ್ತದೆ. ಪೊರ್ಬುವಿನದು ಆ ಎರಡಕ್ಕಿಂತಲೂ ಕಡಿಮೆಯೇ ಇದ್ದೀತು. ಅವನಿಗೆ ಯಾರೂ ಹಸಿರು ಪ್ಲೇಟು ಕೊಡಲಿಲ್ಲ.

ಒಳ್ಳೆಯದನ್ನು ಕೊಂಡ ಮೇಲೆ ಮನಸ್ಸಿಗೆ ಒಂದು ಬಗೆಯ ರಜೆ ಸಿಕ್ಕಿದಂತಾಗುವುದುಂಟು. ಟೊರೊಂಟೊ ವಿಶ್ವವಿದ್ಯಾಲಯದ ಇಬ್ಬರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪರಿಸರಸ್ನೇಹಿ ಸಾಮಾನುಗಳನ್ನು ಕೊಂಡವರು ಆಮೇಲಿನ ಆಟದಲ್ಲಿ ಉಳಿದವರಿಗಿಂತ ಹೆಚ್ಚು ಮೋಸ ಮಾಡಿದರು. ಕೊಳ್ಳದೆ ಸುಮ್ಮನೆ ನೋಡಿದವರು ಹೆಚ್ಚು ಉದಾರಿಗಳಾಗಿದ್ದರು. 2019ರಲ್ಲಿ ಬೇರೆಯವರು ಮೂರು ಸಲ ಪರೀಕ್ಷಿಸಿದಾಗ ಮೋಸದ ಫಲಿತಾಂಶ ಮತ್ತೆ ಕಾಣಲಿಲ್ಲ. ಆದುದರಿಂದ ಹಸಿರು ಕಾರಿನವರೆಲ್ಲ ಮೋಸಗಾರರೆಂದು ಯಾರೂ ತೀರ್ಮಾನಿಸಬಾರದು. ಆದರೆ ಭಾನುವಾರದ ಪೂಜೆ ಮುಗಿಸಿ ಸೋಮವಾರ ತೂಕದಲ್ಲಿ ಕೈಚಳಕ ತೋರುವ ವ್ಯಾಪಾರಿಯನ್ನು ಕಂಡ ನಮಗೆ, ಈ ಅಪಾಯ ಇದೆಯೆಂದು ಹೇಳಲು ಪ್ರಯೋಗಶಾಲೆ ಬೇಕಾಗಿಲ್ಲ. ಪಾದ್ರಿಗಳಾದ ನಾವೂ ಹೊರತಲ್ಲ. ಹೊಸ ಮಾದರಿಯ ಕಾರಿನಲ್ಲಿ ಗುರುಗಳನ್ನೋ ಕನ್ಯಾಸ್ತ್ರೀಯರನ್ನೋ ಕಂಡಾಗ ತಮಗೆ ನೋವಾಗುತ್ತದೆಂದು ಜಗದ್ಗುರು ಫ್ರಾನ್ಸಿಸರು 2013ರಲ್ಲಿ ಗುರುವಿದ್ಯಾರ್ಥಿಗಳಿಗೆ ಹೇಳಿದ್ದರು. ಆ ಮಾತಿನಿಂದ ವಿದ್ಯುತ್ ಕಾರಿಗೆ ವಿನಾಯಿತಿ ಇದೆಯೆಂದು ನಾವು ತಿಳಿದುಕೊಳ್ಳಬಾರದು.

ಈಗ ಮುಖ್ಯ ಮಾತಿಗೆ ಬರೋಣ. ಗರ್ವದ ಉಪದೇಶದಿಂದ ಆಗುವ ದೊಡ್ಡ ನಷ್ಟ ಉಪದೇಶಿಸುವವನದಲ್ಲ, ಕೇಳುವವನದು. ಬಂಧುವಿನ ಕಾರು ಗೇಟು ದಾಟಿದ ಕೂಡಲೇ ನಮ್ಮವರು ಏನು ಮಾಡುತ್ತಾರೆ? ದೊಡ್ಡ ಪರಿಸರವಾದಿ ಬಂದ ಎಂದು ನಕ್ಕು, ಸಿಟ್ಟಿನಲ್ಲಿ ಒಲೆಗೆ ಇನ್ನೊಂದು ಕೊಳ್ಳಿ ತುರುಕುತ್ತಾರೆ. ಆದರೆ ಒಲೆಯ ಹೊಗೆಯ ಬಗ್ಗೆ ಅವನು ಹೇಳಿದ್ದು ನಿಜ. ಆ ಹೊಗೆ ಮೊದಲು ಹೋಗುವುದು ಆಕಾಶಕ್ಕಲ್ಲ, ಅಡುಗೆ ಮಾಡುವ ತಾಯಿಯ ಶ್ವಾಸಕೋಶಕ್ಕೆ. ತರಗೆಲೆಯೊಂದಿಗೆ ಪ್ಲಾಸ್ಟಿಕ್ ತೊಟ್ಟೆಗಳನ್ನು ಸುಟ್ಟರೆ ವಿಷವನ್ನೇ ಉಸಿರಾಡಿದಂತೆ. ಹೇಳಿದವನು ಬೀಗುತ್ತಾನೆಂದು ಹೇಳಿದ ಸತ್ಯ ಸುಳ್ಳಾಗುವುದಿಲ್ಲ. ನಾವು ರೈತರು, ಹುಟ್ಟಿನಿಂದಲೇ ಪ್ರಕೃತಿಯ ಮಕ್ಕಳು ಎಂದು ಎದೆ ತಟ್ಟಿಕೊಳ್ಳುವುದೂ ಫರಿಸಾಯತನವೇ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದೆಲೆಯ ನೊಣ ಎಣಿಸುವ ಕೆಲಸ ಎರಡೂ ಪಂಕ್ತಿಯಲ್ಲಿ ನಡೆಯುತ್ತದೆ.

ಬೀಗದೆ ಮಾಡುವವರು ಹೇಗಿರುತ್ತಾರೆಂದು ನಮ್ಮ ಕಾಸರಗೋಡಿನ ಮಣ್ಣಿಗೆ ಗೊತ್ತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದ ಕಾಲದಲ್ಲಿ, ಎಣ್ಮಕಜೆಯ ಕಡೆಯ ರೋಗಗಳನ್ನು ಕಂಡು ಸಂಶಯಪಟ್ಟವರು ವಾಣೀನಗರದ ವೈದ್ಯ ಡಾ. ಮೋಹನ್ ಕುಮಾರ್. ಅದನ್ನು ಬರೆದು ಹೊರಜಗತ್ತಿಗೆ ತಿಳಿಸಿದವರು ಪತ್ರಕರ್ತ ಶ್ರೀ ಪಡ್ರೆ. 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದವರು ಕೃಷಿ ಇಲಾಖೆಯಲ್ಲಿ ದುಡಿಯುತ್ತಿದ್ದ ಲೀಲಾಕುಮಾರಿ ಅಮ್ಮ. 2000ದಲ್ಲಿ ಸಿಂಪಡಣೆ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ನಿಷೇಧ ವಿಧಿಸಿತು. ಇವರ ಪರಿಸರಪ್ರೇಮ ಅಂಗಡಿಯಲ್ಲಿ ಕೊಂಡದ್ದಲ್ಲ. ನೆರೆಮನೆಯ ಮಗುವಿನ ಮುಖ ನೋಡಿ ಹುಟ್ಟಿದ್ದು.

ಆದುದರಿಂದ ನಮ್ಮ ಸಲಹೆ ಇಷ್ಟು. ಪಟ್ಟಣದ ಬಂಧುಗಳೇ, ಅನುಕೂಲವಿದ್ದರೆ ವಿದ್ಯುತ್ ಕಾರು ಕೊಳ್ಳಿರಿ, ಸಂತೋಷ. ಸಣ್ಣದನ್ನು ಕೊಳ್ಳಿರಿ, ಒಂದನ್ನೇ ಇಟ್ಟುಕೊಳ್ಳಿರಿ. ಹಬ್ಬಕ್ಕೆ ಬರುವಾಗ ಅದರಲ್ಲಿ ನಾಲ್ವರನ್ನು ತುಂಬಿಸಿಕೊಂಡು ಬನ್ನಿರಿ. ಒಲೆಯ ಹೊಗೆ ನಿಮ್ಮನ್ನು ಕಾಡಿದರೆ ಉಪದೇಶದ ಬದಲು ಒಂದು ಹೊಗೆಕೊಳವೆಯ ಖರ್ಚನ್ನು ಅತ್ತಿಗೆಯ ಕೈಗೆ ಸದ್ದಿಲ್ಲದೆ ಕೊಟ್ಟುಹೋಗಿರಿ. ಕೃಷಿಕ ಬಾಂಧವರೇ, ಆ ಹೊಗೆಕೊಳವೆಯನ್ನು ಈ ಮಳೆಗಾಲಕ್ಕೆ ಮುಂಚೆಯೇ ಕಟ್ಟಿಸಿರಿ, ಪ್ಲಾಸ್ಟಿಕ್ ಸುಡುವುದನ್ನು ಇಂದೇ ನಿಲ್ಲಿಸಿರಿ. ತೋಟಕ್ಕೆ ಮದ್ದು ಬಿಡುವಾಗ ಬಾಯಿಮೂಗಿಗೆ ಬಟ್ಟೆ ಕಟ್ಟದೆ ಹೋಗಬೇಡಿರಿ. ಇದನ್ನೆಲ್ಲ ಮಾಡಿ ಮುಗಿಸಿದ ಮೇಲೆ ನೆರೆಮನೆಯವರ ಒಲೆಯನ್ನು ನೋಡಲು ಮಾತ್ರ ಹೋಗಬೇಡಿರಿ.