ಮಹಾಪ್ರಬಂಧದ ಅಕ್ಷರಜೋಡಣೆ: ತಂತ್ರಾಂಶವನ್ನು ಆರಿಸುವ ಹೊಣೆ ಯಾರದು?

ಕನ್ನಡ ಅಧ್ಯಯನ ವಿಭಾಗಗಳಲ್ಲಿ ಸಂಶೋಧನ ವಿಧಾನವನ್ನು ಕುರಿತ ಕಮ್ಮಟಗಳು ಆಗಾಗ ನಡೆಯುತ್ತವೆ. ವಿಷಯದ ಆಯ್ಕೆ, ಆಕರಗಳ ಸಂಗ್ರಹ, ಅಡಿಟಿಪ್ಪಣಿಯ ಕ್ರಮ, ಗ್ರಂಥಋಣದ ವಿನ್ಯಾಸ ಮುಂತಾದವು ಅಲ್ಲಿ ವಿವರವಾಗಿ ಚರ್ಚೆಗೆ ಬರುತ್ತವೆ. ಬರೆದ ಪ್ರಬಂಧ ಯಾವ ತಂತ್ರಾಂಶದಲ್ಲಿ, ಯಾವ ಸಂಕೇತಕ್ರಮದಲ್ಲಿ ಸಿದ್ಧವಾಗಬೇಕು ಎಂಬ ಪ್ರಶ್ನೆ ಮಾತ್ರ ಅಲ್ಲಿ ಕೇಳಿಬರುವುದಿಲ್ಲ. ಅದು ವಿಶ್ವವಿದ್ಯಾನಿಲಯದ ಎದುರಿನ ಡಿ.ಟಿ.ಪಿ. ಅಂಗಡಿಗೆ ಸೇರಿದ ವಿಷಯವೆಂದು ನಾವು ಭಾವಿಸಿದ್ದೇವೆ. ನಾನೂ ಹಾಗೆಯೇ ಭಾವಿಸಿದ್ದೆ. ಈ ಭಾವನೆ ಎಷ್ಟು ಅಪಾಯಕರವೆಂಬುದು ನನ್ನ ಪ್ರಬಂಧದ ಒಂದು ಅಧ್ಯಾಯ ಕರಡಾಗಿ ಕೈಸೇರಿದ ದಿನ ತಿಳಿಯಿತು.

ಆ ಅಧ್ಯಾಯ ಹಳಗನ್ನಡ ಕಾವ್ಯವೊಂದರ ಹಸ್ತಪ್ರತಿಗಳಲ್ಲಿ ರಳ-ಕುಳಗಳ ಬಳಕೆಯನ್ನು ಕುರಿತದ್ದು. ರಳವು ಆಡುನುಡಿಯಿಂದ ಜಾರಿದ ಮೇಲೆ ಪ್ರತಿಕಾರರು ಅದರ ಸ್ಥಾನದಲ್ಲಿ ಕುಳವನ್ನು ಬರೆಯತೊಡಗಿದರಷ್ಟೆ. ಯಾವ ಪ್ರತಿಯಲ್ಲಿ ಎಷ್ಟು ರಳಗಳು ಉಳಿದಿವೆ ಎಂಬ ಲೆಕ್ಕದಿಂದ ಪ್ರತಿಗಳ ಪರಸ್ಪರ ಸಂಬಂಧದ ಬಗ್ಗೆ ಕೆಲವು ಮಾತುಗಳನ್ನು ಹೇಳಲು ಸಾಧ್ಯವೆಂಬುದು ನನ್ನ ವಾದ. ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಖಡ್ಗ. ಮೂಲದಲ್ಲಿ ‘ಬಾೞ್’ ಎಂದಿದ್ದು ‘ಗ’ ಪ್ರತಿಯಲ್ಲಿ ‘ಬಾಳ್’ ಎಂದಿದ್ದರೆ ಅದನ್ನು ಅಡಿಯಲ್ಲಿ ಪಾಠಾಂತರವಾಗಿ ದಾಖಲಿಸಿದ್ದೆ. ಅಂತಹ ನೂರಾರು ಟಿಪ್ಪಣಿಗಳಿದ್ದವು. ಕರಡಿನಲ್ಲಿ ಮೂಲದಲ್ಲಿಯೂ ‘ಬಾಳ್’, ಪಾಠಾಂತರದಲ್ಲಿಯೂ ‘ಬಾಳ್’. ಪುಟದಿಂದ ಪುಟಕ್ಕೆ ಇದೇ ಕಥೆ. ಮಾರ್ಗದರ್ಶಕರು ಎರಡು ಹಾಳೆ ತಿರುವಿಹಾಕಿ, “ಏನಮ್ಮಾ, ಇದರಲ್ಲಿ ಪಾಠಭೇದ ಎಲ್ಲಿದೆ?” ಎಂದು ಕೇಳಿದರು. ಅಂಗಡಿಗೆ ಹೋಗಿ ವಿಚಾರಿಸಿದಾಗ ಅಕ್ಷರ ಜೋಡಿಸಿದ ಯುವಕ, “ಆ ಅಕ್ಷರ ನಮ್ಮ ಫಾಂಟಿನಲ್ಲಿ ಇಲ್ಲ ಮೇಡಂ, ಎರಡೂ ಒಂದೇ ತಾನೆ?” ಎಂದ. ಅವನನ್ನು ದೂರುವಂತಿಲ್ಲ. ಅವನಿಗೆ ಕಾಣದ ಭೇದವನ್ನು ಕಾಪಾಡುವ ಹೊಣೆಯನ್ನು ಅವನಿಗೆ ಒಪ್ಪಿಸಿದವಳು ನಾನು.

ಇಲ್ಲಿ ನಡೆದುದೇನೆಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕನ್ನಡದ ಗಣಕೀಕರಣದ ಮೊದಲ ಹಂತದಲ್ಲಿ ಬಳಕೆಗೆ ಬಂದ ಫಾಂಟುಗಳು ಕನ್ನಡದ ಅಕ್ಷರಗಳನ್ನು ಅಕ್ಷರಗಳಾಗಿ ಕೂಡಿಡಲಿಲ್ಲ. ರೋಮನ್ ಅಕ್ಷರಗಳಿಗೆಂದು ಮೀಸಲಾದ ಸಂಕೇತಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಇಳಿ, ಒತ್ತುಗಳ ಚಿತ್ರಗಳನ್ನು ಕೂರಿಸಿದವು. ಇವನ್ನೇ ನಾವು ಆಸ್ಕಿ ಫಾಂಟುಗಳೆಂದು ಕರೆಯುತ್ತೇವೆ. ಪರದೆಯ ಮೇಲೆ ಕನ್ನಡ ಕಾಣುತ್ತದೆ, ಗಣಕದ ಪಾಲಿಗೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲವೆಂಬುದನ್ನು ಮರೆಯಬಾರದು. 1998ರಲ್ಲಿ ಬಂದ ಬರಹ, ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ಇವುಗಳಿಂದಲೇ ನಮ್ಮ ಅನೇಕ ಅಧ್ಯಾಪಕರು ಗಣಕದ ಮುಂದೆ ಕುಳಿತರು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಇಂದಿಗೂ ನಮ್ಮ ಬೆರಳುಗಳಲ್ಲಿದೆ. ಇಲ್ಲೊಂದು ಗೊಂದಲವನ್ನು ಪರಿಹರಿಸಿಕೊಳ್ಳುವುದು ಒಳ್ಳೆಯದು. ‘ನಾನು ನುಡಿಯಲ್ಲಿ ಬರೆಯುತ್ತೇನೆ’ ಎಂಬ ಮಾತಿಗೆ ಎರಡು ಅರ್ಥಗಳಿವೆ: ಆ ಕೀಲಿಮಣೆಯನ್ನು ಬಳಸುತ್ತೇನೆ ಎಂಬುದು ಒಂದು, ಆ ಹಳೆಯ ಫಾಂಟಿನಲ್ಲಿ ಕೂಡಿಡುತ್ತೇನೆ ಎಂಬುದು ಇನ್ನೊಂದು. ಅದೇ ಕೀಲಿಮಣೆಯಿಂದ ಯುನಿಕೋಡಿನಲ್ಲಿಯೂ ಬರೆಯಬಹುದು. ಬಿಡಬೇಕಾದುದು ಕೀಲಿಮಣೆಯನ್ನಲ್ಲ, ಹಳೆಯ ಸಂಕೇತವನ್ನು.

ಈ ಸಂಕೇತದ ದೋಷ ಕನ್ನಡ ಅಧ್ಯಾಪಕರಿಗೆ ಸ್ಪಷ್ಟವಾಗಬೇಕಾದರೆ ಅಕಾರಾದಿಯನ್ನು ನೋಡಿದರೆ ಸಾಕು. ‘ಅರ್ಕ’ ಎಂಬ ಪದವನ್ನು ತೆಗೆದುಕೊಳ್ಳೋಣ. ಉಚ್ಚಾರಣೆಯಲ್ಲಿ ರೇಫ ಮೊದಲು, ಕಕಾರ ಅನಂತರ. ಬರವಣಿಗೆಯಲ್ಲಿ ಅರ್ಕಾವತ್ತು ಕಕಾರದ ಬಲಕ್ಕೆ ಬರುತ್ತದೆ. ಆಸ್ಕಿ ಫಾಂಟು ಕಣ್ಣಿಗೆ ಕಂಡ ಕ್ರಮವನ್ನೇ ಕೂಡಿಡುವುದರಿಂದ ಅದಕ್ಕೆ ಮೊದಲು ಕಕಾರ, ಆಮೇಲೆ ಅರ್ಕಾವತ್ತು. ಇಂತಹ ಕಡತದಿಂದ ಪದಸೂಚಿಯನ್ನು ತಯಾರಿಸಲು ಹೊರಟರೆ ‘ಅರ್ಕ’ವು ರೇಫದ ಸಾಲಿನಲ್ಲಿ ಸಿಗುವುದಿಲ್ಲ. ಪದಪ್ರಯೋಗಕೋಶ, ಶಬ್ದಸೂಚಿ, ಛಂದಸ್ಸಿನ ಲೆಕ್ಕ ಇವೆಲ್ಲವನ್ನೂ ಗಣಕದಿಂದ ಮಾಡಿಸಬಹುದೆಂದು ನಾವು ವೇದಿಕೆಯಲ್ಲಿ ಹೇಳುತ್ತೇವೆ. ಕಡತದೊಳಗಿರುವುದು ಕನ್ನಡವೇ ಅಲ್ಲದಿದ್ದರೆ ಗಣಕ ಏನನ್ನು ಎಣಿಸಬೇಕು?

ಯುನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದೆ. ಶಕಟರೇಫಕ್ಕೂ ರಳಕ್ಕೂ ಅಲ್ಲಿ ಪ್ರತ್ಯೇಕ ಸಂಕೇತಗಳಿವೆ. ರಳದ ವಿಷಯದಲ್ಲಿ ಒಂದು ತಮಾಷೆಯೂ ಇದೆ. ಅದನ್ನು ಪಟ್ಟಿಗೆ ಸೇರಿಸಿದವರು ಅದಕ್ಕೆ ‘ಫ’ ಎಂಬ ಹೆಸರನ್ನು ಕೊಟ್ಟುಬಿಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದುದು ಅದರ ಪಕ್ಕದಲ್ಲಿ ಪರ್ಯಾಯವಾಗಿ ಸೇರಿತು. ಅದರ ಸಂಕೇತ ಹಕಾರ, ಳಕಾರಗಳಿಂದಲೂ ಸ್ವರಚಿಹ್ನೆಗಳಿಂದಲೂ ದೂರವಾಗಿ ಕೊನೆಯಲ್ಲಿ ಬಿದ್ದಿದೆ. ಆದ್ದರಿಂದ ಬರಿಯ ಸಂಕೇತಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೆ ರಳ ತನ್ನ ಸ್ಥಳದಲ್ಲಿ ನಿಲ್ಲುವುದಿಲ್ಲ, ಭಾಷೆಗೆ ತಕ್ಕ ವಿಂಗಡಣಾ ನಿಯಮವನ್ನು ಕೊಡಬೇಕಾಗುತ್ತದೆ. ನಕಾರಪೊಲ್ಲು ಸೇರಿದ್ದಂತೂ 2021ರಷ್ಟು ಈಚೆಗೆ, ಹದಿನಾಲ್ಕನೆಯ ಆವೃತ್ತಿಯಲ್ಲಿ. ಹಳಗನ್ನಡವನ್ನು ಬಲ್ಲವರು ಇಂತಹ ಕೆಲಸಗಳಿಂದ ದೂರ ಉಳಿದರೆ ರಳಕ್ಕೆ ಫಕಾರದ ಹೆಸರು ಬೀಳುವುದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಹಿಂದಿನವರು ಹೀಗೆ ದೂರ ಉಳಿಯಲಿಲ್ಲ. 1817ರಲ್ಲಿ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದ ಕಾಲದಿಂದಲೂ ಕನ್ನಡದ ಪಾಂಡಿತ್ಯ ಮತ್ತು ಅಚ್ಚುಮೊಳೆಗಳ ನಡುವೆ ಹತ್ತಿರದ ನಂಟಿದೆ. ಕಿಟೆಲ್ ಸಂಪಾದಿಸಿದ ಶಬ್ದಮಣಿದರ್ಪಣ 1872ರಲ್ಲಿ, ಅವರ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಹೊರಬಂದವು. ಆ ನಿಘಂಟಿನಲ್ಲಿ ಱಕಾರ, ೞಕಾರಗಳು ತಮ್ಮ ತಮ್ಮ ಮೊಳೆಗಳಲ್ಲಿ ನಿಂತಿವೆ. ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿದ ಕಾಲದಲ್ಲಿ ಉಳಿದ ಭೇದ ನಮ್ಮ ಕಾಲದ ಗಣಕದಲ್ಲಿ ಅಳಿದುಹೋಗುತ್ತದೆ ಎಂಬುದು ನಾಚಿಕೆಯ ವಿಷಯ.

ಹಾಗಾದರೆ ಯಾವ ತಂತ್ರಾಂಶ? ಪೇಜ್‌ಮೇಕರಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯುನಿಕೋಡ್ ಕನ್ನಡ ತಿಳಿಯದು. ಆದರೂ ಹಳೆಯ ಫಾಂಟುಗಳ ಸಹವಾಸದಿಂದ ಕೆಲವು ಮುದ್ರಣಾಲಯಗಳಲ್ಲಿ ಅದು ಬಾಳುತ್ತಿದೆ, ಅದರೊಡನೆ ಹಳೆಯ ಸಂಕೇತವೂ ಬಾಳುತ್ತಿದೆ. ಇನ್‌ಡಿಸೈನ್ 2012ರ ಆವೃತ್ತಿಯಿಂದ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುತ್ತದೆ. ಪುಸ್ತಕ ವಿನ್ಯಾಸಕ್ಕೆ ಅದು ಉತ್ತಮ, ಆದರೆ ಅದರ ಚಂದಾ ಹಣ ಸಂಶೋಧನಾರ್ಥಿಯ ಕೈಗೆ ಎಟುಕುವಂತಹುದಲ್ಲ.

ಸಾಮಾನ್ಯ ಮಹಾಪ್ರಬಂಧಕ್ಕೆ, ಎಂದರೆ ವಿಮರ್ಶೆ, ಜಾನಪದ, ಸಾಹಿತ್ಯಚರಿತ್ರೆಗಳನ್ನು ಕುರಿತ ಗದ್ಯಪ್ರಧಾನ ಬರವಣಿಗೆಗೆ, ವರ್ಡ್ ಅಥವಾ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ರೈಟರ್ ಸಾಕೆಂಬುದು ನನ್ನ ಅಭಿಪ್ರಾಯ. ಇದಕ್ಕೆ ಎರಡು ಷರತ್ತುಗಳಿವೆ. ಬರಹ ಯುನಿಕೋಡಿನಲ್ಲಿರಬೇಕು. ಅಧ್ಯಾಯದ ಶೀರ್ಷಿಕೆ, ಉಪಶೀರ್ಷಿಕೆ, ಉದ್ಧೃತ ಪದ್ಯ, ಅಡಿಟಿಪ್ಪಣಿ ಇವುಗಳಿಗೆ ತಂತ್ರಾಂಶದಲ್ಲಿಯೇ ಇರುವ ಶೈಲಿಗಳನ್ನು ಬಳಸಬೇಕು. ಅಕ್ಷರವನ್ನು ಕೈಯಿಂದ ದಪ್ಪ ಮಾಡಿ, ಖಾಲಿ ಜಾಗವನ್ನು ಒತ್ತಿ ಒತ್ತಿ ಸಾಲನ್ನು ನಡುವಿಗೆ ತರುವ ನಮ್ಮ ಅಭ್ಯಾಸ ಬೆರಳಚ್ಚು ಯಂತ್ರದ ಕಾಲದ್ದು. ಶೈಲಿಗಳನ್ನು ಬಳಸಿದರೆ ಪರಿವಿಡಿ ತಾನಾಗಿ ಸಿದ್ಧವಾಗುತ್ತದೆ, ಒಂದು ಪುಟ ಸೇರಿಸಿದಾಗ ಪುಟಸಂಖ್ಯೆಗಳನ್ನು ಮತ್ತೆ ತಿದ್ದುತ್ತ ರಾತ್ರಿ ಕಳೆಯಬೇಕಾಗಿಲ್ಲ. ಗ್ರಂಥಋಣಕ್ಕೆ ಜೊಟೆರೊ ಎಂಬ ಉಚಿತ ತಂತ್ರಾಂಶ ಇವೆರಡರ ಜೊತೆಗೂ ಕೆಲಸ ಮಾಡುತ್ತದೆ.

ಗ್ರಂಥಸಂಪಾದನೆಯ ಮಾತು ಬೇರೆ. ವರ್ಡಿನಲ್ಲಿ ಅಡಿಟಿಪ್ಪಣಿಗಳ ಸರಣಿ ಒಂದೇ. ಪಾಠಾಂತರಗಳು ಒಂದು ಪದರದಲ್ಲಿ, ಸಂಪಾದಕರ ವಿವರಣೆ ಇನ್ನೊಂದರಲ್ಲಿ ಇರಬೇಕೆಂದರೆ ಅಲ್ಲಿ ದಾರಿಯಿಲ್ಲ. ಟಿಪ್ಪಣಿಯನ್ನು ಪದ್ಯದ ಪಂಕ್ತಿಸಂಖ್ಯೆಗೆ ಕಟ್ಟಬೇಕೆಂದರೆ ಅದನ್ನು ಕೈಯಿಂದಲೇ ಬರೆಯಬೇಕು. ನಡುವೆ ಒಂದು ಪಂಕ್ತಿ ಸೇರಿದರೆ ಮುಂದಿನ ಎಲ್ಲ ಸಂಖ್ಯೆಗಳೂ ತಪ್ಪುತ್ತವೆ. ಇಲ್ಲಿ ನಮಗೆ ಒದಗುವುದು ಟೆಕ್ ಪರಂಪರೆಯ ತಂತ್ರಾಂಶಗಳು. ಗಣಿತದವರು ಬಳಸುವ ವಸ್ತುವೆಂದು ನಾವು ಅದನ್ನು ಪಕ್ಕಕ್ಕಿಟ್ಟಿದ್ದೇವೆ. ಅದರ ಹುಟ್ಟಿನ ಕಥೆ ಮಾತ್ರ ನಮಗೂ ಸಲ್ಲುವಂತಹುದು. 1977ರಲ್ಲಿ ಡೊನಾಲ್ಡ್ ಕ್ನೂತ್ ತಮ್ಮ ಗ್ರಂಥದ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚನ್ನು ನೋಡಿ, ಅದರ ಅಂದಗೇಡಿತನಕ್ಕೆ ಬೇಸತ್ತು, ಅಕ್ಷರಜೋಡಣೆಯ ವ್ಯವಸ್ಥೆಯನ್ನು ತಾವೇ ರಚಿಸಲು ತೊಡಗಿದರು. ಕರಡು ಕೆಟ್ಟಿತೆಂದು ಬರಹಗಾರನೇ ಅಚ್ಚುಕೂಟವನ್ನು ಕಟ್ಟಿಕೊಂಡ ಪ್ರಸಂಗವಿದು. ಅದರ ಮೇಲೆ 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಲೇಟೆಕ್ ಅನ್ನು ನಿರ್ಮಿಸಿದರು. 2004ರಲ್ಲಿ ಜೊನಾಥನ್ ಕ್ಯೂ ಅವರ ಝೀಟೆಕ್ ಬಂದ ಮೇಲೆ ಯುನಿಕೋಡ್ ಬರಹವನ್ನು ಸಾಮಾನ್ಯ ಫಾಂಟುಗಳಿಂದಲೇ ನೇರವಾಗಿ ಜೋಡಿಸುವುದು ಸಾಧ್ಯವಾಯಿತು.

ಈ ಪರಂಪರೆಯಲ್ಲಿ ಸಂಪಾದನಶಾಸ್ತ್ರಕ್ಕೆಂದೇ ಸಿದ್ಧವಾದ ಒಂದು ಉಪಕರಣವಿದೆ. ಸಂಸ್ಕೃತ ವಿದ್ವಾಂಸರಾದ ಡೊಮಿನಿಕ್ ವುಯಾಸ್ಟಿಕ್ ಮತ್ತು ಜಾನ್ ಲವನೀನೊ ರೂಪಿಸಿದ ಎಡ್‌ಮ್ಯಾಕ್ ಅದರ ಮೂಲ, ಇಂದಿನ ರೂಪ ರೆಲೆಡ್‌ಮ್ಯಾಕ್. ಇದರಲ್ಲಿ ಪಾಠಾಂತರವನ್ನು ಮೂಲದ ಆ ಪದದ ಮಗ್ಗುಲಲ್ಲಿಯೇ ಗುರುತಿಸಿ ಬರೆಯಲಾಗುತ್ತದೆ. ಪಂಕ್ತಿಗಳನ್ನು ಎಣಿಸಿ, ಸಂಖ್ಯೆಯೊಡನೆ ಪುಟದ ಅಡಿಯಲ್ಲಿ ಇಡುವ ಕೆಲಸ ತಂತ್ರಾಂಶದ್ದು. ಪದರಗಳು ಎಷ್ಟು ಬೇಕಾದರೂ ಇರಲಿ, ಪಂಕ್ತಿಗಳು ಹೆಚ್ಚಲಿ ಕಡಿಮೆಯಾಗಲಿ, ಸಂಖ್ಯೆ ತಾನಾಗಿ ಹೊಂದಿಕೊಳ್ಳುತ್ತದೆ. ಹಾಳಾದ ಅಧ್ಯಾಯವನ್ನು ನಾನು ಮತ್ತೆ ಕಟ್ಟಿದ್ದು ಹೀಗೆ. ಕಲಿಯಲು ಎರಡು ತಿಂಗಳು ಹಿಡಿಯಿತು. ಮೊದಲ ವಾರ ಒಂದು ಆವರಣ ಚಿಹ್ನೆ ಬಿಟ್ಟುಹೋಗಿ ಇಡೀ ಅಧ್ಯಾಯ ಅಚ್ಚಾಗದೆ ನಿಂತಾಗ ಅಂಗಡಿಯ ಯುವಕನೇ ವಾಸಿ ಎನಿಸಿದ್ದೂ ನಿಜ. ಆದರೆ ಕಡತ ಬರಿಯ ಪಠ್ಯವಾಗಿರುವುದರಿಂದ ಅದರಲ್ಲಿ ರಳಗಳೆಷ್ಟು ಎಂದು ಗಣಕವನ್ನು ಕೇಳಿದರೆ ಅದು ಹೇಳುತ್ತದೆ. ನಾನು ಕೈಯಿಂದ ಎಣಿಸಿದ ಲೆಕ್ಕದಲ್ಲಿ ಹನ್ನೊಂದು ತಪ್ಪುಗಳು ಹೀಗೆ ಸಿಕ್ಕವು.

ಈ ಮಾರ್ಗಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಮಾರ್ಗದರ್ಶಕರು ತಿದ್ದುಪಡಿಗಳನ್ನು ವರ್ಡಿನಲ್ಲಿ ಸೂಚಿಸಲು ಬಯಸುತ್ತಾರೆ, ಲೇಟೆಕ್ ಕಡತ ಅವರಿಗೆ ಕಗ್ಗಂಟಾಗಿ ಕಾಣುತ್ತದೆ. ನಾನು ಅವರಿಗೆ ಅಚ್ಚಾದ ಹಾಳೆಗಳನ್ನೇ ಕೊಡುತ್ತೇನೆ, ಅವರು ಕೆಂಪು ಶಾಯಿಯಲ್ಲಿ ತಿದ್ದುತ್ತಾರೆ, ಇಬ್ಬರಿಗೂ ಅದು ಒಗ್ಗಿದೆ. ಸಂಶೋಧಕರ ಕೆಲಸ ಚಿಂತನೆ, ಅಕ್ಷರಜೋಡಣೆ ಕುಶಲಕರ್ಮಿಯ ಕೆಲಸ ಎನ್ನುವವರೂ ಇದ್ದಾರೆ. ಗದ್ಯಪ್ರಬಂಧದ ಮಟ್ಟಿಗೆ ಈ ಮಾತನ್ನು ಅರ್ಧ ಒಪ್ಪಬಹುದು, ಪಾಠಪರಿಷ್ಕರಣದಲ್ಲಿ ಒಪ್ಪಲಾಗದು. ಅಲ್ಲಿ ಅಕ್ಷರವೇ ಆಧಾರ. ಎಲ್ಲಕ್ಕಿಂತ ತೂಕವಾದ ಆಕ್ಷೇಪ ಬೇರೆ: ಸ್ವಂತ ಗಣಕವಿಲ್ಲದ, ಬೆರಳಚ್ಚು ಬಾರದ, ಊರಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತ ಪ್ರಬಂಧ ಬರೆಯುವ ಗೆಳೆಯ ಗೆಳತಿಯರಿಗೆ ಎರಡು ತಿಂಗಳ ಕಲಿಕೆ ಎಲ್ಲಿ ಸಾಧ್ಯ? ಇದಕ್ಕೆ ಅವರು ಉತ್ತರ ಹೇಳಬೇಕಾಗಿಲ್ಲ, ವಿಭಾಗಗಳು ಹೇಳಬೇಕು. ಪಿಎಚ್.ಡಿ. ಪೂರ್ವ ಕೋರ್ಸಿನಲ್ಲಿ ಗಣಕಕ್ಕೆಂದು ಮೀಸಲಾದ ಅವಧಿಗಳನ್ನು ಗಣಕದ ಇತಿಹಾಸ ಹೇಳಲು ವ್ಯಯಿಸುವ ಬದಲು ಶೈಲಿಗಳ ಬಳಕೆ, ಯುನಿಕೋಡ್ ಬರವಣಿಗೆ, ಹಳೆಯ ಕಡತಗಳ ಪರಿವರ್ತನೆ ಇವನ್ನು ಕಲಿಸಬಹುದು. ಪರಿವರ್ತಕಗಳ ಮೇಲೆ ಪೂರ್ಣ ಭರವಸೆ ಇಡುವಂತಿಲ್ಲ ಎಂಬುದನ್ನೂ ಕಲಿಸಬೇಕು. ಹಳೆಯ ಫಾಂಟಿನಲ್ಲಿ ರಳದ ಬದಲು ಕುಳವನ್ನು ಜೋಡಿಸಿದ್ದರೆ ಯಾವ ಪರಿವರ್ತಕವೂ ಅದನ್ನು ಮರಳಿ ತರಲಾರದು.

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ನಿಯಮಾವಳಿಯ ಮೇರೆಗೆ ಪ್ರಬಂಧಗಳ ವಿದ್ಯುನ್ಮಾನ ಪ್ರತಿಗಳು ಶೋಧಗಂಗಾ ಭಂಡಾರವನ್ನು ಸೇರುತ್ತಿವೆ. ಆಸ್ಕಿ ಫಾಂಟಿನಲ್ಲಿ ಸಿದ್ಧವಾದ ಪಿ.ಡಿ.ಎಫ್. ಅಲ್ಲಿ ಓದಲು ಸಿಗುತ್ತದೆ, ಹುಡುಕಲು ಸಿಗುವುದಿಲ್ಲ. ಅದರೊಳಗೆ ‘ವಚನ’ ಎಂಬ ಪದವನ್ನು ಅರಸಿದರೆ ಒಂದೂ ದೊರೆಯದು, ನಕಲು ಮಾಡಿ ಅಂಟಿಸಿದರೆ ರೋಮನ್ ಕಸ ಉದುರುತ್ತದೆ. ಐದಾರು ವರ್ಷ ದುಡಿದು ಬರೆದುದು ಮುಂದಿನ ಸಂಶೋಧಕರಿಗೆ ಸಿಗದೆ, ಅದೇ ವಿಷಯಕ್ಕೆ ಅವರು ಮತ್ತೆ ಐದಾರು ವರ್ಷ ವ್ಯಯಿಸುವ ಸ್ಥಿತಿ ಇದು. ನಾನು ಕಂಡ ಪ್ರಬಂಧ ಸಲ್ಲಿಕೆಯ ನಿಯಮಗಳಲ್ಲಿ ಹಾಳೆಯ ಅಳತೆ, ಅಂಚಿನ ಅಗಲ, ಸಾಲುಗಳ ಅಂತರ, ರಟ್ಟಿನ ಬಣ್ಣ ಎಲ್ಲವೂ ಇವೆ. ಪ್ರಬಂಧ ಯುನಿಕೋಡ್ ಕನ್ನಡದಲ್ಲಿರತಕ್ಕದ್ದು, ಪಿ.ಡಿ.ಎಫ್. ಜೊತೆಗೆ ಮೂಲ ಕಡತವನ್ನೂ ವಿಭಾಗಕ್ಕೆ ಒಪ್ಪಿಸತಕ್ಕದ್ದು ಎಂಬ ಒಂದು ಸಾಲನ್ನು ರಟ್ಟಿನ ಬಣ್ಣದ ಕೆಳಗೆ ಸೇರಿಸಲು ಅಧ್ಯಯನ ಮಂಡಳಿಯ ಒಂದು ಸಭೆ ಸಾಕು.